ನ್ಯೂ ಜೆರ್ಸಿಗೆ ಹೊರಟ ತಂಗಿಗೆ, ಇನ್ಶೂರೆನ್ಸ್ ಬಗ್ಗೆ

ತಂಗಿ,

ಹಾಸನದ ಮದುವೆ ಮನೆಯಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡೋಕೆ ಆಗಲಿಲ್ಲ. ಪಂಕ್ತಿ ಎದ್ದಿತು, ನಿಮ್ಮ ಲಾಯರ್ ಚಿಕ್ಕಪ್ಪನ ಮಾತು ಜೋರಾಯಿತು, ನನಗೆ ಮೂಡಿಗೆರೆಗೆ ಹೊರಡುವ ಹೊತ್ತಾಗಿತ್ತು. ನೀನು ಕೇಳಿದ್ದು ಇಷ್ಟು: "ಅಕ್ಕ, ಅಮೆರಿಕದಲ್ಲಿ ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ ಅನ್ನೋದನ್ನ ಕೋರ್ಟ್ ರದ್ದು ಮಾಡಿದೆಯಂತೆ. ನನಗೆ ಕಂಪನಿ ಕೊಡುತ್ತೆ. ಇವರನ್ನೂ ಸೇರಿಸಿದರೆ ಸಂಬಳದಲ್ಲಿ ಜಾಸ್ತಿ ಹಿಡೀತಾರೆ. ಇವರಿಗೆ ಒಂದು ನೆಗಡಿಯೂ ಬರಲ್ಲ. ಮೊದಲ ವರ್ಷ ಬಿಟ್ಟರೆ ಆಗಲ್ವಾ?"

ಬಿಡಬೇಡ. ನಿನ್ನ ಹೆಸರಿನ ಪಕ್ಕದಲ್ಲೇ ಅವರ ಹೆಸರನ್ನೂ ಮೊದಲ ದಿನವೇ ಬರೆಸು. ಯಾಕೆ ಅಂತ ಹೇಳ್ತೀನಿ.

ಕೋರ್ಟ್ ರದ್ದು ಮಾಡಿದೆ ಎಂದು ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. 2018ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಒಬ್ಬ ಫೆಡರಲ್ ನ್ಯಾಯಾಧೀಶರು, ಇನ್ಶೂರೆನ್ಸ್ ಕಡ್ಡಾಯ ಮಾಡಿದ್ದ ಒಬಾಮಾಕೇರ್ ಎಂಬ ಇಡೀ ಕಾನೂನೇ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟಿದ್ದರು. ಅವರು ಓದಿರುವುದು ಅದೇ ಸುದ್ದಿ ಇರಬೇಕು. ಆದರೆ ಕೇಸು ಅಲ್ಲಿಗೆ ಮುಗಿಯಲಿಲ್ಲ. 2021ರ ಜೂನ್ 17ರಂದು ಸುಪ್ರೀಂ ಕೋರ್ಟ್ ಅದನ್ನು 7-2ರಲ್ಲಿ ತಳ್ಳಿಹಾಕಿತು. ಕೇಸು ಹಾಕಿದವರಿಗೆ, ಈ ಕಾನೂನಿನಿಂದ ನಿಮಗೆ ನಷ್ಟವಾಗಿದೆ ಎಂದು ನೀವು ತೋರಿಸಿಲ್ಲ, ಹಾಗಾಗಿ ಕೇಸು ಹಾಕುವ ಹಕ್ಕು ನಿಮಗಿಲ್ಲ ಎಂದಿತು. ಕಾನೂನು ಉಳಿಯಿತು.

ಅದಕ್ಕಿಂತ ಮುಂಚಿನ ತೀರ್ಪು ನನಗೆ ಇನ್ನೂ ಹತ್ತಿರದ್ದು. ಒಬಾಮಾ ಆ ಕಾನೂನಿಗೆ ಸಹಿ ಹಾಕಿದ್ದು 2010ರ ಮಾರ್ಚ್‌ನಲ್ಲಿ. ಎಲ್ಲರೂ ಇನ್ಶೂರೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ದಂಡ. 26 ರಾಜ್ಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟಿನ ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ, ಹಾಗಾದರೆ ಬ್ರೊಕೊಲಿ ತರಕಾರಿ ಕೊಳ್ಳಿ ಎಂದೂ ಸರ್ಕಾರ ಜನರನ್ನು ಬಲವಂತ ಮಾಡಬಹುದಾ ಎಂದು ಕೇಳಿದರು. ಆ ಪ್ರಶ್ನೆ ಊರೆಲ್ಲ ಹರಡಿತು. ಟೆಕ್ಸಸ್‌ನ ನಮ್ಮ ಡಲ್ಲಾಸ್‌ನ ಕನ್ನಡದವರ ಮನೆಗಳಲ್ಲೂ ಅದೇ ಜಗಳ. ಅರಸೀಕೆರೆ ಕಡೆಯ ಗೆಳೆಯರೊಬ್ಬರು ಸ್ವಂತ ವ್ಯಾಪಾರ ಮಾಡುವವರು. "ನನ್ನ ಮೈ, ನನ್ನ ದುಡ್ಡು. ಸರ್ಕಾರ ಯಾರು ಹೇಳೋಕೆ?" ಎನ್ನುತ್ತಿದ್ದರು. ಅವರ ಸಿಟ್ಟಿಗೆ ಅರ್ಥವಿತ್ತು. ಸರ್ಕಾರದ ಸಹಾಯಧನ ಸಿಗದಷ್ಟು ಆದಾಯ, ವರ್ಷ ವರ್ಷ ಏರುವ ಪ್ರೀಮಿಯಂ. ಮಧ್ಯದಲ್ಲಿ ಸಿಕ್ಕಿಕೊಂಡಿದ್ದರು. ಅವರ ಮೇಲೆ ಬಿದ್ದ ಭಾರ ನಿಜವಾದದ್ದು ಎಂದು ಈಗಲೂ ಒಪ್ಪುತ್ತೇನೆ.

ಆದರೂ ನಾನು ಅವರ ಪಕ್ಷ ಸೇರಲಿಲ್ಲ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಇತ್ತಲ್ಲ. ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ತನ್ನ ನಾಟಿಗೆ ಮಾತ್ರ ಆಳು ಕರೆದು, ಬೇರೆಯವರ ಗದ್ದೆಗೆ ಇಳಿಯದವನಿಗೆ ಎಷ್ಟು ದಿನ ಮುಯ್ಯಿ ನಡೆದೀತು? ಆ ಕಾನೂನು ಇನ್ಶೂರೆನ್ಸ್ ಕಂಪನಿಗಳಿಗೆ, ಯಾವ ಕಾಯಿಲೆ ಇದ್ದರೂ ಇಲ್ಲ ಅನ್ನಬೇಡಿ ಎಂದಿತು. ಹಾಗೆಂದ ಮೇಲೆ ಗಟ್ಟಿಮುಟ್ಟಾಗಿರುವವರೂ ಸೇರಬೇಕು. ಕಾಯಿಲೆ ಬಂದ ಮೇಲೆ ಸೇರೋಣ ಎಂದು ಎಲ್ಲರೂ ಕಾದರೆ ಹಣ ಎಲ್ಲಿಂದ ಬರಬೇಕು? ಬ್ರೊಕೊಲಿ ತಿನ್ನದೆ ಸಾಯುವವರೆಗೂ ಇರಬಹುದು. ಆಸ್ಪತ್ರೆ ಬೇಡ ಎಂದು ಯಾರು ಬರೆದುಕೊಡುತ್ತಾರೆ?

ನನಗೆ ಇದು ಬರೀ ವಾದವಾಗಿರಲಿಲ್ಲ. 2009ರಲ್ಲಿ ನಮ್ಮ ಯಜಮಾನರ ಕಂಪನಿಯೇ ಮುಚ್ಚಿಹೋಯಿತು. ಕೆಲಸದ ಜೊತೆಗೆ ಇಡೀ ಮನೆಯ ಇನ್ಶೂರೆನ್ಸೂ ಹೋಯಿತು. ಸ್ವಂತಕ್ಕೆ ಅರ್ಜಿ ಹಾಕಿದೆವು. ಅವರಿಗೂ ಮಕ್ಕಳಿಗೂ ಸಿಕ್ಕಿತು. ನನಗೆ ಚಿಕ್ಕಂದಿನಿಂದ ಉಬ್ಬಸ. ಕಾಫಿ ಕಣದ ಧೂಳಿಗೆ ಹೋದರೆ ಈಗಲೂ ಕೆಮ್ಮು. ಆ ಒಂದು ಕಾರಣಕ್ಕೆ ಇನ್ಶೂರೆನ್ಸ್ ಕಂಪನಿ ಆಗಲ್ಲ ಎಂದು ಪತ್ರ ಬರೆಯಿತು. ಉಳಿದಿದ್ದ ದಾರಿಯ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಏಳು ತಿಂಗಳು ನಾನು ಹಾಗೇ ಇದ್ದೆ. ಉಬ್ಬಸದ ಪಂಪನ್ನು ಎರಡು ಸಲ ಎಳೆಯುವ ಕಡೆ ಒಂದು ಸಲ ಎಳೆದು ಉಳಿಸಿಕೊಳ್ಳುತ್ತಿದ್ದೆ. ಒಂದು ರಾತ್ರಿ ಉಸಿರು ಕಟ್ಟಿ ಎಮರ್ಜೆನ್ಸಿಗೆ ಹೋಗಬೇಕಾಯಿತು. ದುಡ್ಡಿಲ್ಲ ಎಂದು ಅಲ್ಲಿ ವಾಪಸ್ ಕಳಿಸುವಂತಿಲ್ಲ. 1986ರಿಂದಲೂ ಆ ಕಾನೂನಿದೆ. ನೋಡಿಕೊಂಡರು, ಬದುಕಿದೆ. ಆಮೇಲೆ ಆಸ್ಪತ್ರೆಯ ಬಿಲ್ಲು ಬೇರೆ, ಡಾಕ್ಟರ ಬಿಲ್ಲು ಬೇರೆ, ಎಕ್ಸ್‌ರೇ ಓದಿದವರ ಬಿಲ್ಲು ಬೇರೆ. ವಾರಗಟ್ಟಲೆ ಲಕೋಟೆಗಳು ಬರುತ್ತಲೇ ಇದ್ದವು. ಕಂತಿನಲ್ಲಿ ತೀರಿಸೋಕೆ ಎರಡು ವರ್ಷ ಹಿಡಿಯಿತು. ಅಪ್ಪನಿಗೆ ಇದನ್ನು ಹೇಳಿರಲೇ ಇಲ್ಲ. ಮೊನ್ನೆ ಕಾಫಿ ಕುಯ್ಲಿನ ಲೆಕ್ಕ ಬರೆಯುತ್ತಾ ಕೂತಿದ್ದಾಗ ಮೊದಲ ಸಲ ಹೇಳಿದೆ.

ಹಾಗಾಗಿ 2012ರ ಜೂನ್ 28ರ ಬೆಳಗ್ಗೆ ಆಫೀಸಿನ ಟೀವಿ ಮುಂದೆ ನಿಂತಿದ್ದೆ. ಎರಡು ದೊಡ್ಡ ಚಾನೆಲ್‌ಗಳು ಅವಸರದಲ್ಲಿ, ಕಡ್ಡಾಯ ರದ್ದಾಯಿತು ಎಂದವು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಸುದ್ದಿ ತಿರುಗಿತು. 5-4ರಲ್ಲಿ ಕಾನೂನು ಉಳಿದಿತ್ತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರ ತೀರ್ಪನ್ನು ಓದುವವರು ಮೊದಲ ಪುಟಗಳಲ್ಲೇ ನಿಲ್ಲಿಸಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಹಿಡಿದು, ಸುಮ್ನೆ ಕೂತವನಿಗೆ ಕೊಂಡುಕೋ ಎಂದು ಸರ್ಕಾರ ಹೇಳುವಂತಿಲ್ಲ ಎಂದರು. ಕೊಳ್ಳದವನ ಮೇಲೆ ತೆರಿಗೆ ಹಾಕಬಹುದು, ಈ ದಂಡ ಅಂಥದ್ದೇ ಎಂದು ಮುಂದೆ ಬರೆದರು. ಬಡವರ ಮೆಡಿಕೇಡ್ ಯೋಜನೆ ವಿಸ್ತರಿಸುವುದನ್ನು ಮಾತ್ರ ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಅದು ನನಗೆ ಇವತ್ತಿಗೂ ನೋವಿನ ವಿಷಯ. ನಮ್ಮ ಟೆಕ್ಸಸ್ ಒಪ್ಪಲೇ ಇಲ್ಲ. 2014ರ ಜನವರಿಯಿಂದ ಉಬ್ಬಸದ ನೆಪ ಹೇಳಿ ನನ್ನನ್ನು ಯಾರೂ ಬೇಡ ಅನ್ನುವಂತಿಲ್ಲ. ಅಷ್ಟಾದರೂ ಆಯಿತು.

ಇನ್ನು ನಿನ್ನ ವಿಷಯ. 2017ರಲ್ಲಿ ಕಾಂಗ್ರೆಸ್ ಆ ದಂಡವನ್ನು ಸೊನ್ನೆ ಮಾಡಿತು. 2019ರಿಂದ ದೇಶದ ಮಟ್ಟದಲ್ಲಿ ದಂಡವಿಲ್ಲ. ಇದೂ ಕೋರ್ಟಿನ ಸುದ್ದಿಯ ಜೊತೆ ಸೇರಿ ನಿನ್ನ ಕಿವಿಗೆ ಬಿದ್ದಿರಬೇಕು. ಆದರೆ ನೀನು ಹೋಗುತ್ತಿರುವ ನ್ಯೂ ಜೆರ್ಸಿ ಅದೇ ವರ್ಷ ತನ್ನದೇ ಕಡ್ಡಾಯ ತಂದಿತು. ಅಲ್ಲಿ ವಾಸ ಮಾಡುವವರು ಇನ್ಶೂರೆನ್ಸ್ ಇಲ್ಲದೆ ಇದ್ದರೆ ರಾಜ್ಯದ ತೆರಿಗೆಯ ಜೊತೆ ದಂಡ ಕಟ್ಟಬೇಕು. ಟೆಕ್ಸಸ್‌ನಲ್ಲಿ ನನಗೆ ಇಲ್ಲದ ಕಡ್ಡಾಯ ನಿನಗೆ ಇದೆ. ದಂಡದ ಹಣ ಕಟ್ಟಿದರೂ ಗಂಡನ ಕಾಲು ಮುರಿದರೆ ಅದರಿಂದ ಒಂದು ಕಟ್ಟೂ ಹಾಕಿಸೋಕೆ ಆಗಲ್ಲ. ಹಾಸನದಲ್ಲಾದರೆ ಜಿಲ್ಲಾಸ್ಪತ್ರೆ ಇದೆ, ಜಾಸ್ತಿಯಾದರೆ ಮಂಗಳೂರಿಗೋ ಬೆಂಗಳೂರಿಗೋ ಕರೆದೊಯ್ಯಲು ನೆಂಟರಿದ್ದಾರೆ. ಅಲ್ಲಿ ಮೊದಲ ವರ್ಷ ನಿಮಗೆ ನೀವಿಬ್ಬರೇ.

ಕೆಲಸಕ್ಕೆ ಸೇರಿದ ಮೇಲೆ ಸಾಮಾನ್ಯವಾಗಿ 30 ದಿನದೊಳಗೆ ಗಂಡನ ಹೆಸರು ಸೇರಿಸಬೇಕು. ತಪ್ಪಿದರೆ ಮುಂದಿನ ವರ್ಷದ ಸರದಿಗೆ ಕಾಯಬೇಕಾದೀತು. ಇನ್ಶೂರೆನ್ಸ್ ಯಾವ ದಿನದಿಂದ ಶುರು ಎಂದು ಈಗಲೇ ಕಂಪನಿಗೆ ಬರೆದು ಕೇಳು. ಕಾನೂನು 90 ದಿನದವರೆಗೆ ಕಾಯಿಸಲು ಬಿಡುತ್ತದೆ. ಆ ನಡುವಿನ ದಿನಗಳಿಗೆ ಇಲ್ಲಿಂದಲೇ ಟ್ರಾವೆಲ್ ಪಾಲಿಸಿ ತೆಗೆದುಕೊಂಡು ಹೋಗು. ಪ್ರೀಮಿಯಂ ಕಮ್ಮಿ ಅಂತ ಮಾತ್ರ ಪ್ಲಾನ್ ಆರಿಸಬೇಡ. ಡಿಡಕ್ಟಿಬಲ್ ನೋಡು. ಅಷ್ಟು ದುಡ್ಡು ನಿನ್ನ ಕೈಯಿಂದ ಹೋದ ಮೇಲೇ ಹೆಚ್ಚಿನ ಖರ್ಚಿಗೆ ಇನ್ಶೂರೆನ್ಸ್ ಕಂಪನಿ ಕೈ ಹಾಕುವುದು.

ಗಂಡನ ಹೆಸರು ಸೇರಿಸಲು ಮದುವೆ ಸರ್ಟಿಫಿಕೇಟ್ ಕೇಳಬಹುದು. ನಿಮ್ಮದು ಇನ್ನೂ ನೋಂದಣಿ ಆಗಿಲ್ಲ ಎಂದೆಯಲ್ಲ, ಈ ವಾರವೇ ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬನ್ನಿ. 20ನೇ ತಾರೀಕಿನವರೆಗೆ ನಾನು ಮೂಡಿಗೆರೆಯಲ್ಲೇ ಇರುತ್ತೇನೆ. ಕಂಪನಿಯ ಪ್ಲಾನ್‌ಗಳ ಹಾಳೆ ಬಂದರೆ ಫೋಟೋ ತೆಗೆದು ಕಳಿಸು. ಕೂತು ನೋಡೋಣ.

ನಿನ್ನ ಅಕ್ಕ