ಕಿಟಕಿಗೆ ಬಡಿದಿದ್ದ ಚಿತ್ರ

ಕಳೆದ ಸಂಚಿಕೆಯಲ್ಲಿ ರಷ್ಯಾದ ಚಿತ್ರಕಾರ ಪಾವೆಲ್ ಫಿಲೋನೊವ್ ಬಗ್ಗೆ ನಾನು ಬರೆದ ಲೇಖನ ಓದಿ ಧಾರವಾಡದ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಬರೆದಿದ್ದಾರೆ: ‘ಚಿತ್ರಗಳ ಬಗ್ಗೆ ನಾಲ್ಕು ಸಾಲು, ಕಲಾವಿದನ ತಂಗಿಯ ಬಗ್ಗೆ ಎರಡು ಪುಟ! ರೇಖೆ, ಬಣ್ಣ ನೋಡುವವರಿಗೆ ಈ ಮನೆವಾರ್ತೆ ಯಾಕೆ? ನನ್ನ ಹತ್ತಿರವೂ ನನ್ನ ಗುರುಗಳ ಪತ್ರಗಳ ಕಟ್ಟಿದೆ. ಅದರಿಂದ ಅವರ ಚಿತ್ರ ಚೆಂದವಾಗುತ್ತದೆಯೇ?’

ಮಾಸ್ತರರೇ, ಚಿತ್ರವನ್ನು ಮೊದಲು ಕಣ್ಣಿಂದಲೇ ನೋಡಬೇಕು, ಒಪ್ಪಿದೆ. ಎಷ್ಟೋ ಮಕ್ಕಳಿಗೆ ಹಾಗೆ ನೋಡಲು ಕಲಿಸಿದವರು ನೀವು. ಆದರೆ ನೋಡುವುದಕ್ಕೆ ಚಿತ್ರ ಉಳಿದಿರಬೇಕಲ್ಲ?

ಫಿಲೋನೊವ್ ತಮ್ಮ ಚಿತ್ರ ಮಾರಲು ಒಪ್ಪುತ್ತಿರಲಿಲ್ಲ. 1929ರಲ್ಲಿ ಲೆನಿನ್‌ಗ್ರಾಡಿನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ರಷ್ಯನ್ ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ಸಿದ್ಧವಾಗಿ, ಚಿತ್ರಗಳು ಗೋಡೆ ಏರಿದ್ದವು. ಜನರಿಗೆ ಮಾತ್ರ ಬಾಗಿಲು ತೆರೆಯಲೇ ಇಲ್ಲ. 1941ರ ಡಿಸೆಂಬರಿನಲ್ಲಿ, ಜರ್ಮನ್ ಸೇನೆ ಊರನ್ನು ಮುತ್ತಿದ್ದಾಗ, ಅವರು ತೀರಿಕೊಂಡರು. ಜನ ಮೇಜು ಕುರ್ಚಿ ಮುರಿದು ಒಲೆಗೆ ಹಾಕುತ್ತಿದ್ದ ಚಳಿಗಾಲ ಅದು. ಆ ಕ್ಯಾನ್ವಾಸುಗಳು ಒಲೆ ಸೇರದೆ ಉಳಿದದ್ದು ತಂಗಿ ಯೆವ್ದೋಕಿಯಾ ಗ್ಲೆಬೊವಾ ಅವರಿಂದ. ಎರಡು ಪುಟ ಹೆಚ್ಚಾಯಿತೇ? ನನಗೆ ಕಡಿಮೆಯಾಯಿತು ಅನಿಸುತ್ತಿದೆ.

ಅದೇ ಕಾಲದ ರಷ್ಯನ್ ಕಲಾವಿದೆ ಲ್ಯುಬೋವ್ ಪೊಪೊವಾ ಕಥೆ ಕೇಳಿ. 1924ರಲ್ಲಿ ಸ್ಕಾರ್ಲೆಟ್ ಜ್ವರ ಮಗನನ್ನು ಒಯ್ದ ಕೆಲವೇ ದಿನಕ್ಕೆ ತಾಯಿಯನ್ನೂ ಒಯ್ದಿತು. ಆಗ ಆಕೆಗೆ 35 ವರ್ಷ. ಎಷ್ಟೋ ಕಾಲದ ಮೇಲೆ, ಮಾಸ್ಕೋದ ಕೆನಡಾ ರಾಯಭಾರ ಕಚೇರಿಯಲ್ಲಿ ನೌಕರಿಗಿದ್ದ ಚಿತ್ರಸಂಗ್ರಾಹಕ ಜಾರ್ಜ್ ಕೊಸ್ತಾಕಿಸ್ ಆಕೆಯ ಸಂಬಂಧಿಕರನ್ನು ಹುಡುಕಿಕೊಂಡು ಹೋದರು. ಪ್ಲೈವುಡ್ ಮೇಲೆ ಬರೆದ ಆಕೆಯ ಚಿತ್ರವೊಂದನ್ನು ಅಲ್ಲಿ ಕಿಟಕಿಗೆ ಅಡ್ಡ ಬಡಿದಿದ್ದರು. ಕೊಟ್ಟುಬಿಟ್ಟರೆ ಮಳೆ ಒಳಗೆ ಬರುತ್ತದೆ ಎಂದರಂತೆ ಮನೆಯವರು. ಕೊಸ್ತಾಕಿಸ್ ಬೇರೆ ಪ್ಲೈವುಡ್ ತಂದುಕೊಟ್ಟು ಚಿತ್ರ ಬಿಡಿಸಿಕೊಂಡರು.

ಕಣ್ಣೊಂದನ್ನೇ ನಂಬಿ ಕೂತರೆ ಮೋಸಹೋಗುತ್ತೇವೆ ಕೂಡ. ಇವರ ಕಾಲದವರೇ ಆದ ಚಿತ್ರಕಾರ ಮಲೇವಿಚ್ 1920ರ ದಶಕದ ಕೊನೆಯಲ್ಲಿ ಬರೆದ ಎಷ್ಟೋ ಚಿತ್ರಗಳಿಗೆ ತಾವೇ ಹಳೆಯ ಇಸವಿ ಹಾಕಿದರು. 1915ರ ತಮ್ಮ ಪ್ರಸಿದ್ಧ ಚಿತ್ರ ‘ಕಪ್ಪು ಚೌಕ’ವನ್ನೂ 1913ರದೆಂದು ಹೇಳಿದರು. ದಾಖಲೆ ಕೆದಕಿದವರಿಂದ ನಿಜ ತಿಳಿಯಿತು. 2018ರಲ್ಲಿ ಬೆಲ್ಜಿಯಂನ ಗೆಂಟ್ ಮ್ಯೂಸಿಯಂ ಈ ತಲೆಮಾರಿನ ರಷ್ಯನ್ ಕಲಾವಿದರದೆಂದು ತೂಗುಹಾಕಿದ್ದ ಚಿತ್ರಗಳನ್ನು, ನಕಲಿ ಇರಬಹುದೆಂಬ ಅನುಮಾನ ಎದ್ದು, ಕೆಳಗಿಳಿಸಬೇಕಾಯಿತು.

ನಮ್ಮಲ್ಲಂತೂ ಕೆದಕಲು ಏನೂ ಉಳಿಸುವುದಿಲ್ಲ. ಹಿರಿಯ ಕಲಾವಿದರೊಬ್ಬರು ತೀರಿಕೊಂಡ ಮೂರು ತಿಂಗಳಿಗೆ ಅವರ ಮನೆಗೆ ಹೋಗಿದ್ದೆ. ಸ್ಕೆಚ್ ಪುಸ್ತಕ, ಪತ್ರ, ಡೈರಿ ಎಲ್ಲ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗಿದ್ದವು. ಟ್ರಂಕಿನ ತಳಕ್ಕೆ ಒಂದೇ ಹಾಳೆ ಅಂಟಿಕೊಂಡಿತ್ತು: ಒಂದು ಬದಿ ಕಿರಾಣಿ ಚೀಟಿ, ಇನ್ನೊಂದು ಬದಿ ಪೆನ್ಸಿಲಿನಲ್ಲಿ ಬರೆದ ಹಸುವಿನ ಕಿವಿ. ಅವರಿಗೆ ಶಾಲು ಹೊದಿಸಿದವರು ಎಷ್ಟೋ ಜನ. ಆ ಟ್ರಂಕಿನ ಬಗ್ಗೆ ವಿಚಾರಿಸಿದವರು ಒಬ್ಬರೂ ಇಲ್ಲ. ಎಷ್ಟು ಬೇಗ ಹೋಗಬೇಕಿತ್ತು ನಾನು!

ಮಾಸ್ತರರೇ, ನಿಮ್ಮ ಗುರುಗಳ ಪತ್ರಗಳ ಕಟ್ಟನ್ನು ಬಿಚ್ಚಬೇಡಿ, ಯಾರಿಗೂ ಕೊಡಬೇಡಿ. ಬರುವ ವಾರ ನಾನೇ ಧಾರವಾಡಕ್ಕೆ ಬರುತ್ತೇನೆ.