ಗ್ರಿನ್ಯಾರ್ ಕಾರಕಕ್ಕೆ ಚೂರು ತಾಮ್ರದ ಲವಣ ಹಾಕಿದರೆ ಸಂಕಲನದ ಜಾಗವೇ ಬದಲಾಗುವುದೇಕೆ?

ಗ್ರಿನ್ಯಾರ್ ಕಾರಕವೆಂದರೆ ಇಂಗಾಲದ ಗುಂಪೊಂದು ಮೆಗ್ನೀಸಿಯಂಗೆ ಅಂಟಿಕೊಂಡಿರುವ ಸಂಯುಕ್ತ; ಆ ಗುಂಪು ಬೇರೆ ಅಣುವಿಗೆ ಹೋಗಿ ಸೇರುವುದೇ ಸಂಕಲನ. ಕಾರ್ಬೊನಿಲ್ (ಇಂಗಾಲ–ಆಮ್ಲಜನಕ ದ್ವಿಬಂಧ) ಪಕ್ಕದಲ್ಲೇ ಇಂಗಾಲ–ಇಂಗಾಲ ದ್ವಿಬಂಧವಿರುವ ಕೀಟೋನಿನಲ್ಲಿ ದಾಳಿಗೆ ಎರಡು ಜಾಗಗಳಿವೆ: ಕಾರ್ಬೊನಿಲ್ ಇಂಗಾಲ, ಅಂದರೆ 1,2, ಇಲ್ಲವೇ ದ್ವಿಬಂಧದ ಆಚೆ ತುದಿಯ ಬೀಟಾ ಇಂಗಾಲ, ಅಂದರೆ 1,4.

ಮೆಗ್ನೀಸಿಯಂಗೆ ಆಮ್ಲಜನಕದ ಸೆಳೆತ ಜಾಸ್ತಿ. ಹಾಗಾಗಿ ಬರೀ ಗ್ರಿನ್ಯಾರ್ ಕಾರಕ ಹಾಕಿದರೆ ಹೆಚ್ಚಾಗಿ 1,2 ಸಂಕಲನವೇ ನಡೆದು ಆಲ್ಕೋಹಾಲ್ ಸಿಗುತ್ತದೆ. 1941ರಲ್ಲಿ ರಸಾಯನವಿಜ್ಞಾನಿಗಳಾದ ಖರಾಶ್ ಮತ್ತು ಟಾನಿ ಇಂಥದೇ ಕೀಟೋನ್ ಆದ ಐಸೊಫೊರೋನ್ ಜೊತೆ ಗ್ರಿನ್ಯಾರ್ ಕಾರಕವಾದ ಮಿಥೈಲ್ ಮೆಗ್ನೀಸಿಯಂ ಬ್ರೋಮೈಡ್ ಸೇರಿಸುವಾಗ ಸುಮಾರು ಶೇಕಡಾ 1ರಷ್ಟು ಕ್ಯುಪ್ರಸ್ ಕ್ಲೋರೈಡ್ ಎಂಬ ತಾಮ್ರದ ಲವಣ ಬಳಸಿದರು. ಶೇಕಡಾ 80ಕ್ಕೂ ಹೆಚ್ಚು 1,4 ಉತ್ಪನ್ನ ಬಂತು. ಅಷ್ಟು ಕಡಿಮೆ ಲೋಹ ಇಡೀ ಕ್ರಿಯೆಯ ದಿಕ್ಕನ್ನೇ ತಿರುಗಿಸಿದ್ದು ನಿಜಕ್ಕೂ ಅದ್ಭುತ!

ನಡೆಯುವುದು ಹೀಗೆ. ಮಿಥೈಲ್ ಗುಂಪು ಮೊದಲು ಮೆಗ್ನೀಸಿಯಂನಿಂದ ತಾಮ್ರಕ್ಕೆ ವರ್ಗವಾಗಿ ಕ್ಯುಪ್ರೇಟ್ (ಇಂಗಾಲದ ಗುಂಪು ಅಂಟಿದ ತಾಮ್ರದ ಸಂಯುಕ್ತ) ಆಗುತ್ತದೆ. ಇದರಲ್ಲಿರುವ ತಾಮ್ರ(1)ರ, ಅಂದರೆ +1 ಸ್ಥಿತಿಯ ತಾಮ್ರದ, ಡಿ ಕಕ್ಷಕಗಳು ಎಲೆಕ್ಟ್ರಾನುಗಳಿಂದ ತುಂಬಿರುತ್ತವೆ. ಅದು ಆಮ್ಲಜನಕವನ್ನು ಬಿಟ್ಟು ದ್ವಿಬಂಧವನ್ನು ಹಿಡಿದು, ಅದಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಬೀಟಾ ಇಂಗಾಲಕ್ಕೆ ಅಂಟಿಕೊಂಡ ತಾಮ್ರ(3) ಹುಟ್ಟುತ್ತದೆ. ಈ ಸ್ಥಿತಿ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಮಿಥೈಲನ್ನು ಬೀಟಾ ಇಂಗಾಲಕ್ಕೆ ದಾಟಿಸಿ ತಾಮ್ರ ಮತ್ತೆ +1ಕ್ಕೆ ಇಳಿದು ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಉಳಿಯುವ ಈನೋಲೇಟ್‌ಗೆ (ಕೀಟೋನಿನ ಋಣ ಅಯಾನು ರೂಪ) ಆಮ್ಲ ಹಾಕಿದರೆ ಕೀಟೋನ್ ಕೈಗೆ ಬರುತ್ತದೆ.

ಪ್ರಯೋಗ ಮಾಡುವವರು ತಾಪಮಾನವನ್ನು ತಗ್ಗಿಸಿಯೇ ಇಡಬೇಕು. ತಾಮ್ರ–ಆಲ್ಕೈಲ್ ಬಂಧ (ತಾಮ್ರಕ್ಕೂ ಮಿಥೈಲ್‌ನಂಥ ಗುಂಪಿಗೂ ಇರುವ ಬಂಧ) ಶಾಖ ತಡೆಯುವುದಿಲ್ಲ, ಬೇಗ ಒಡೆಯುತ್ತದೆ.