ಬಜ್ಜಿ, ಕಬಾಬಿನ ಜೊತೆಗೆ ಹೊಂದುವ ವೈನ್

ಆರು ಮಂದಿ ಗೆಳೆಯರು ಮಹಡಿಯ ಮೇಲೆ ಸೇರುವ ಸಂಜೆಗೆ, ಖಾರದ ತಿಂಡಿಗಳ ಜೊತೆ ಹೊಂದುವ, ಜೇಬಿಗೆ ಭಾರವಾಗದ ವೈನ್ ಯಾವುದೆಂದು ಕೇಳಿದ್ದೀರಿ. ಮೆಣಸಿನಕಾಯಿ ಬಜ್ಜಿಯೂ ಕೋಳಿ ಕಬಾಬೂ ಇರುವ ಕಡೆ ಒಗರು ಹೆಚ್ಚಿರುವ ಕೆಂಪು ವೈನ್ ನಾಲಿಗೆಯ ಉರಿಯನ್ನು ಇನ್ನಷ್ಟು ಕೆರಳಿಸುವುದರಿಂದ, ನನ್ನ ಮೊದಲ ಆಯ್ಕೆ ತುಸು ಸಿಹಿಯೂ ಹುಳಿಯೂ ಇರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. ನಾಸಿಕದ ಸುಲಾ ಎಂಬ ವೈನ್ ಕಂಪನಿ ತಯಾರಿಸುವ ಶೆನಿನ್ ಬ್ಲಾಂಕ್ ಬಾಟಲಿಗೆ ತಿರುಗಿಸಿ ತೆಗೆಯುವ ಮುಚ್ಚಳವಿರುವುದರಿಂದ ಬಿರಡೆ ಕೀಳುವ ಸಾಧನಕ್ಕಾಗಿ ಮನೆಯೆಲ್ಲ ಹುಡುಕುವ ಪಾಡೂ ತಪ್ಪುತ್ತದೆ.

ಕೆಂಪೇ ಬೇಕೆನ್ನುವವರಿಗೆ ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಜಂಪಾ ಎಂಬ ವೈನ್ ಕಂಪನಿಯ ಕ್ಯಾಬರ್ನೆ–ಶಿರಾಜ್ (ಎರಡು ಬಗೆಯ ದ್ರಾಕ್ಷಿ ಬೆರೆಸಿದ ಕೆಂಪು ವೈನ್) ಒಂದಿರಲಿ. ಅವರದೇ ಲಾ ರಿಸರ್ವ್ ಎಂಬ ದುಬಾರಿ ವೈನ್ ಚೆನ್ನಾಗಿದೆ, ಆದರೆ ಬಜ್ಜಿಯ ಸಂಜೆಗೆ ಅಷ್ಟು ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. 750 ಮಿಲಿಲೀಟರ್ ಬಾಟಲಿಯಿಂದ 150ರ ಲೆಕ್ಕದಲ್ಲಿ ಐದೇ ಗ್ಲಾಸು ಸಿಗುವುದರಿಂದ ಒಟ್ಟು ಮೂರು ಬಾಟಲಿ ತನ್ನಿ.

ಬೇಸಿಗೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಯದನ್ನು ತಣಿಸಲು ಮರೆತಿದ್ದರೆ, ಬಕೆಟ್ಟಿಗೆ ಐಸಿನ ಜೊತೆ ನೀರನ್ನೂ ಒಂದು ಹಿಡಿ ಉಪ್ಪನ್ನೂ ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿದರೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಕುಡಿಯುವ ಹದಕ್ಕೆ ಬರುತ್ತದೆ.